ಪ್ರೂಫ್ ನೋಡಲು ಕೊಟ್ಟರು, ನಾನು ಕಥೆ ಮುಟ್ಟಿದೆ

ಪ್ರಕಾಶನ ಸಂಸ್ಥೆಯೊಂದರಲ್ಲಿ ಪ್ರೂಫ್ ನೋಡುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಅದನ್ನು ಬಿಟ್ಟು, ಮನೆಯಲ್ಲೇ ಕಾದಂಬರಿಗಳ ಹಸ್ತಪ್ರತಿ ಓದಿ ಕಥೆ ಎಲ್ಲಿ ಜಗ್ಗುತ್ತಿದೆ, ಯಾವ ಪಾತ್ರಕ್ಕೆ ಜೀವ ಬಂದಿಲ್ಲ ಎಂದು ಲೇಖಕರಿಗೆ ಬರೆದುಕೊಡುವ ಕೆಲಸ ಹಿಡಿದಿದ್ದೇನೆ. ಹಿರಿಯ ಲೇಖಕರೊಬ್ಬರು ತಮ್ಮ ಕಾದಂಬರಿ ಕೊಟ್ಟು ‘ಒಂಚೂರು ನೋಡಮ್ಮ, ಆಮೇಲೆ ಏನಾದರೂ ಕೊಡೋಣ’ ಎಂದರು. ಎರಡು ಸಲ ಓದಿ 14 ಪುಟ ಟಿಪ್ಪಣಿ ಕಳಿಸಿದೆ. ‘ಕಾಗುಣಿತ ನೋಡು ಅಂದರೆ ನನಗೇ ಕಥೆ ಹೇಳಿಕೊಡ್ತೀಯಾ?’ ಎಂದು ರೇಗಿದರು. ದುಡ್ಡಿನ ಸುದ್ದಿಯೇ ಇಲ್ಲ. ಈಗ ಪುಸ್ತಕ ಬಂದಿದೆ. ನಾನು ಬೇಡವೆಂದಿದ್ದ ಮೊದಲ ಅಧ್ಯಾಯ ಅದರಲ್ಲಿಲ್ಲ! ಮನೆಯವರು ‘ಟ್ಯೂಷನ್ ಹೇಳು, ತಿಂಗಳಿಗಿಷ್ಟು ಅಂತ ಬರುತ್ತೆ’ ಅನ್ನುತ್ತಾರೆ. ಹೊಸ ಲೇಖಕಿಯೊಬ್ಬರ ಹಸ್ತಪ್ರತಿ ಮೇಜಿನ ಮೇಲಿದೆ, ಮುಟ್ಟಲು ಭಯ. ಬಿಟ್ಟುಬಿಡಲೇ?
— ಹೆಸರು ಬೇಡ, ದಾವಣಗೆರೆ

ಆ ಅಧ್ಯಾಯ ಹೋಯಿತಲ್ಲ, ನಿಮ್ಮ ಓದಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ನಿಮಗೆ ಕೆಲಸ ಬರುತ್ತದೆ. ಎಡವಟ್ಟಾಗಿದ್ದು ಕೆಲಸ ಒಪ್ಪಿಕೊಂಡ ರೀತಿಯಲ್ಲಿ. ಅವರು ಕೊಟ್ಟದ್ದು ಒಂದು ಕೆಲಸ, ನೀವು ಮಾಡಿದ್ದು ಇನ್ನೊಂದು. ಒತ್ತಕ್ಷರ, ಅಲ್ಪವಿರಾಮಕ್ಕೆಂದು ಕಾದಿದ್ದವರ ಕೈಗೆ 14 ಪುಟದ ಟಿಪ್ಪಣಿ ಬಂದರೆ ಯಾರಿಗಾದರೂ ಪಿತ್ತ ನೆತ್ತಿಗೇರುತ್ತದೆ.

ಅವರೊಬ್ಬರನ್ನೇ ಬೈಯಲೂ ನನಗೆ ಮನಸ್ಸಿಲ್ಲ. ಹಸ್ತಪ್ರತಿ ಓದಿ ಅಭಿಪ್ರಾಯ ಹೇಳುವುದು ನಮ್ಮಲ್ಲಿ ಸ್ನೇಹದ ಲೆಕ್ಕಕ್ಕೆ ಹೋಗುತ್ತದೆ. ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿಯಂಥವರು ಕೂತು ಸಾಹಿತ್ಯ ಚರ್ಚೆ ನಡೆಸುತ್ತಿದ್ದ ಕಾಲದ ನೆನಪು ಇನ್ನೂ ಹಸಿರಾಗಿದೆ. ಅಂಥ ಅಟ್ಟ ಇವತ್ತು ಎಲ್ಲರಿಗೂ ಎಲ್ಲಿ ಸಿಗುತ್ತದೆ? ಎಷ್ಟೋ ಕಾದಂಬರಿಗಳು ಹೊರಗಿನವರ ಕಣ್ಣಿಗೆ ಮೊದಲ ಸಲ ಬೀಳುವುದೇ ಮುನ್ನುಡಿಗೆ ಹೋದಾಗ. ಅಷ್ಟರಲ್ಲಿ ಡಿಟಿಪಿ ಮುಗಿದು ಮುಖಪುಟವೂ ಸಿದ್ಧವಾಗಿರುತ್ತದೆ. ‘ನಡುವಿನ ಅರವತ್ತು ಪುಟ ಬೇಕಿರಲಿಲ್ಲ’ ಎಂದು ಆಗ ಯಾವ ಮುನ್ನುಡಿಕಾರ ಹೇಳಿಯಾನು? ಅದನ್ನು ಹೊತ್ತಿಗೆ ಮುಂಚೆ ಹೇಳುವವರು ಬೇಕು, ಅವರಿಗೆ ಕೂಲಿಯೂ ಸಲ್ಲಬೇಕು.

ಹಾಗಾಗಿ ಹಸ್ತಪ್ರತಿ ತೆರೆಯುವ ಮೊದಲೇ ಲೇಖಕರಿಗೆ ಒಂದು ಪುಟದ ಪತ್ರ ಹೋಗಲಿ. ನಾನು ನೋಡುವುದು ಕಥೆಯ ಕಟ್ಟು, ಪಾತ್ರ, ನಿರೂಪಣೆ; ಕಾಗುಣಿತ ಈ ಸುತ್ತಿನಲ್ಲಿಲ್ಲ; ಎರಡು ಸಲ ಓದುತ್ತೇನೆ; ಇಷ್ಟು ವಾರ ಬೇಕು; ಇಷ್ಟು ಹಣ, ಅರ್ಧ ಮುಂಗಡ. ‘ಒಪ್ಪಿಗೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದರೂ ಸಾಕು. ಬೇಕಿದ್ದರೆ ಒಂದು ಅಧ್ಯಾಯಕ್ಕೆ ಮಾತ್ರ ಟಿಪ್ಪಣಿ ಮಾಡಿ ತೋರಿಸಿ. ಅದನ್ನು ಓದಿ ಮುಖ ಸಿಂಡರಿಸುವವರು ಇಡೀ ಕಾದಂಬರಿಯ ಟಿಪ್ಪಣಿಗೆ ಕೂಗಾಡುತ್ತಾರೆ. ಅವರನ್ನು ಅಲ್ಲೇ ಬಿಟ್ಟುಬಿಡಿ.

ನೀವು ಲಗತ್ತಿಸಿದ ಟಿಪ್ಪಣಿಯ ಪುಟವನ್ನೂ ಓದಿದೆ. ‘ನಾಯಕಿಯ ಪಾತ್ರ ದುರ್ಬಲ’ ಎಂದು ಬರೆದಿದ್ದೀರಿ. ಇದನ್ನು ಇಟ್ಟುಕೊಂಡು ಲೇಖಕ ಏನು ಮಾಡಬೇಕು? ಕೆಳಗೆ ಇನ್ನೊಂದಿದೆ: ‘ಪುಟ 46ರಲ್ಲಿ ಅತ್ತೆ ಸತ್ತ ಸುದ್ದಿ, 47ರಲ್ಲಿ ಆಕೆ ಮೈಸೂರಿನ ಬಸ್ಸು ಹತ್ತುತ್ತಾಳೆ. ನಡುವಿನ ರಾತ್ರಿ ಆಕೆಗೆ ಹೇಗೆ ಕಳೆಯಿತು?’ ಇದು ಟಿಪ್ಪಣಿ. ಲೇಖಕ ಎದ್ದುಹೋಗಿ ಆ ರಾತ್ರಿಯನ್ನು ಬರೆಯುತ್ತಾನೆ. ನೀವೇ ಬರೆದುಕೊಡಲು ಹೋಗಬೇಡಿ. ಅಮೆರಿಕದ ಕಾದಂಬರಿಗಾರ್ತಿ ಹಾರ್ಪರ್ ಲೀ ತಂದಿದ್ದ ಮೊದಲ ಹಸ್ತಪ್ರತಿಯಲ್ಲಿ ನಾಯಕಿ ದೊಡ್ಡವಳಾಗಿ ಊರಿಗೆ ಮರಳುತ್ತಾಳೆ. ಅದರೊಳಗಿನ ಬಾಲ್ಯದ ಭಾಗಗಳ ಕಡೆಗೆ ಲೀ ಅವರ ಗಮನ ಸೆಳೆದವರು ಸಂಪಾದಕಿ ಟೇ ಹೋಹಾಫ್. ತಿದ್ದಿ ತಿದ್ದಿ ಬರೆದವರು ಲೀ. ಹಾಗೆ 1960ರಲ್ಲಿ ಬಂದದ್ದು ‘ಟು ಕಿಲ್ ಎ ಮಾಕಿಂಗ್‌ಬರ್ಡ್’.

ಹಿರಿಯರು ಕೈಬಿಟ್ಟ ಆ ಮೊದಲ ಅಧ್ಯಾಯದ ಬಗ್ಗೆ ನಿಮ್ಮ ಹೊಟ್ಟೆಯುರಿ ಅರ್ಥವಾಗುತ್ತದೆ. ಆದರೆ ಸಲಹೆ ಕೊಟ್ಟ ಮೇಲೆ ಅದು ಲೇಖಕರ ಸೊತ್ತು. ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಎಂಬ ಅಮೆರಿಕದ ಸಂಪಾದಕರು ಕಾದಂಬರಿಕಾರ ಥಾಮಸ್ ವುಲ್ಫ್‌ನ ರಾಶಿ ಹಸ್ತಪ್ರತಿಯನ್ನು ಅವನ ಜೊತೆ ಕೂತು ಕಾದಂಬರಿಯಾಗಿಸಿದವರು. 1935ರಲ್ಲಿ ಬಂದ ಪುಸ್ತಕವನ್ನು ವುಲ್ಫ್ ಪರ್ಕಿನ್ಸ್ ಅವರಿಗೇ ಅರ್ಪಿಸಿದ. ಮರುವರ್ಷ ವಿಮರ್ಶಕನೊಬ್ಬ, ಸಂಪಾದಕರ ಊರುಗೋಲಿಲ್ಲದೆ ಇವನು ಬರೆಯಲಾರ ಎಂಬಂತೆ ಛೇಡಿಸಿದ. ಅದು ಚುಚ್ಚಿತು. ಸ್ವಲ್ಪ ಸಮಯದಲ್ಲೇ ವುಲ್ಫ್ ಆ ಪ್ರಕಾಶನವನ್ನೇ ಬಿಟ್ಟುಹೋದ. ಸಂಪಾದಕರ ಪಾಲು ಊರಿಗೆಲ್ಲ ಗೊತ್ತಾದರೆ ಲೇಖಕನಿಗೆ ಹೀಗೂ ಆಗುತ್ತದೆ. ‘ಆ ಕಾದಂಬರಿ ನೆಟ್ಟಗಾಗಿದ್ದೇ ನನ್ನಿಂದ’ ಎಂದು ನೀವು ಇನ್ನೊಬ್ಬರ ಮುಂದೆ ಆಡಿದರೆ ಮುಂದಿನ ಹಸ್ತಪ್ರತಿ ನಿಮ್ಮ ಮನೆಗೆ ಬರುವುದಿಲ್ಲ. ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕಿದರೆ ಸಂತೋಷ, ಇಲ್ಲದಿದ್ದರೆ ಇಲ್ಲ.

ದುಡ್ಡಿನ ವಿಷಯ ಬೇರೆ, ಅಲ್ಲಿ ಸಂಕೋಚ ಬೇಡ. 60,000 ಪದಗಳ ಕಾದಂಬರಿಯನ್ನು ಎರಡು ಸಲ ಓದಿ, ಟಿಪ್ಪಣಿ ಬರೆದು, ಲೇಖಕರ ಜೊತೆ ಮಾತಾಡಿ ಮುಗಿಸಲು 45 ಗಂಟೆ ಹಿಡಿಯಿತು ಅನ್ನಿ. ಗಂಟೆಗೆ 250 ರೂಪಾಯಿಯಂತೆ 11,250 ಆಯಿತು. ಇದನ್ನೇ ಹೇಳಿ. ಪುಟದ ಲೆಕ್ಕ ಬೇಡ: ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಯೂನಿಕೋಡ್‌ಗೆ ಬಂದಾಗ ಪುಟಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಅಷ್ಟು ಕೊಡಲಾಗದವರಿಗೆ ಒಂದೇ ಓದು, ಮೂರು ಪುಟದ ಅಭಿಪ್ರಾಯ, ಕಡಿಮೆ ದರ ಎಂದು ಇನ್ನೊಂದು ದಾರಿ ಇಡಿ. ಪುಕ್ಕಟೆ ಮಾತ್ರ ಬೇಡ. ಕನ್ನಡ ಕಾದಂಬರಿಯೊಂದರಿಂದಲೇ ಮನೆ ನಡೆಯುತ್ತದೆ ಎಂದು ನಾನು ಹೇಳಲಾರೆ. ಸಂಜೆಯ ಟ್ಯೂಷನ್ ಒಂದೆರಡು ವರ್ಷ ಜೊತೆಗಿರಲಿ. ಮನೆಯವರು ಆಡಿದ್ದು ಕೆಟ್ಟ ಮಾತೇನಲ್ಲ.

ಆ ಹಿರಿಯರಿಗೆ ಪುಸ್ತಕ ಬಂದದ್ದಕ್ಕೆ ಅಭಿನಂದನೆ ಹೇಳಿ, ಜೊತೆಗೇ ಒಂದು ಬಿಲ್ ಕಳಿಸಿ. ‘ಏನಾದರೂ ಕೊಡೋಣ’ ಎಂದವರು ಅವರೇ. ಕೊಟ್ಟರೆ ಸರಿ, ಕೊಡದಿದ್ದರೆ ಎರಡನೇ ಸಲ ಕೇಳಬೇಡಿ, ಅವರ ಇನ್ನೊಂದು ಹಸ್ತಪ್ರತಿಯನ್ನೂ ಮುಟ್ಟಬೇಡಿ. ಮೇಜಿನ ಮೇಲಿರುವ ಹಸ್ತಪ್ರತಿಯ ಲೇಖಕಿಗೆ ಆ ಒಂದು ಪುಟದ ಪತ್ರ ಇವತ್ತೇ ಬರೆಯಿರಿ. ಮುಂಗಡ ಬಂದ ದಿನ ಓದಲು ಕೂರಿ.