ಗಂಡನ ಲೆಕ್ಕ, ಹೆಂಡತಿಯ ಲೆಕ್ಕ, ಮನೆಯ ಲೆಕ್ಕ

ಓದಿಕೊಳ್ಳಿ: ಪ್ರೇಷಿತರ ಕಾರ್ಯಕಲಾಪಗಳು 5:1-11, ಜ್ಞಾನೋಕ್ತಿಗಳು 31:10-31



ಸಾವಿನ ಮನೆಗೆ ಹೋದ ಗುರುಗಳಿಗೆ ಪ್ರಾರ್ಥನೆ ಮುಗಿದ ಮೇಲೆ ಇನ್ನೊಂದು ದುಃಖವೂ ಕಾಣಸಿಗುವುದುಂಟು. ತೀರಿಕೊಂಡವರ ಮೊಬೈಲ್ ಫೋನು ಹೆಂಡತಿಯ ಕೈಯಲ್ಲಿರುತ್ತದೆ. ಅದನ್ನು ತೆರೆಯುವುದು ಹೇಗೆಂದು ಆ ತಾಯಿಗೆ ಗೊತ್ತಿರುವುದಿಲ್ಲ. "ತಿಂಗಳಾ ತಿಂಗಳಾ ಎಲ್ಲೋ ರೊಕ್ಕ ಕಟ್ತಿದ್ರು ಫಾದರ್, ಎಲ್ಲಿ ಅಂತ ನನಗ ಹೇಳಿಲ್ಲ" ಎನ್ನುತ್ತಾರೆ.

ಹಿಂದೆ ಟ್ರಂಕು ತೆರೆದರೆ ಪಾಸ್‌ಬುಕ್ಕು, ವಿಮೆಯ ಬಾಂಡು ಸಿಗುತ್ತಿದ್ದವು. ಇಂದು ಬೀದರ ನಗರದ ನೌಕರರ ಮ್ಯೂಚುವಲ್ ಫಂಡು, ಭಾಲ್ಕಿಯ ಶಿಕ್ಷಕಿಯ ಷೇರು, ಔರಾದಿನ ರೈತರು ಸೋಯಾ, ತೊಗರಿ ಮಾರಿ ಇಟ್ಟ ಠೇವಣಿ ಎಲ್ಲವೂ ಫೋನಿನೊಳಗೇ ಇರಬಹುದು. ಹಾಗಾದರೆ ದಂಪತಿಗಳು ತಮ್ಮ ಉಳಿತಾಯದ ಲೆಕ್ಕಗಳನ್ನು ಜೋಡಿಸಿಕೊಳ್ಳಬೇಕೇ?

ಸಂಸ್ಕಾರ ಬೇಡುವ ಸತ್ಯ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ವಿವಾಹವನ್ನು ಜೀವನ ಮತ್ತು ಪ್ರೀತಿಯ ಆತ್ಮೀಯ ಸಹಭಾಗಿತ್ವವೆಂದು ಬೋಧಿಸಿತು. ಬದುಕೇ ಒಂದಾದ ಮೇಲೆ ಬದುಕಿನ ಲೆಕ್ಕ ಮಾತ್ರ ಮರೆಯಲ್ಲಿರುವುದು ತರವಲ್ಲ.

ಅನನೀಯ ಮತ್ತು ಸಫೈರರನ್ನು ನೆನೆಯಿರಿ. ಹೊಲ ಮಾರಿದ ಹಣದಲ್ಲಿ ಒಂದು ಭಾಗವನ್ನು ಅವರು ಇಟ್ಟುಕೊಂಡರು. ಪೇತ್ರರು ಖಂಡಿಸಿದ್ದು ಇಟ್ಟುಕೊಂಡದ್ದನ್ನಲ್ಲ, ಹೇಳಿದ ಸುಳ್ಳನ್ನು. ಆ ಹಣ ಅವರ ಅಧೀನದಲ್ಲೇ ಇತ್ತಲ್ಲವೇ ಎಂದು ಪೇತ್ರರೇ ಒಪ್ಪುತ್ತಾರೆ. ಜ್ಞಾನೋಕ್ತಿಗಳ ಗೃಹಿಣಿಯೂ ತಾನೇ ವಿಚಾರಿಸಿ ಹೊಲ ಕೊಳ್ಳುತ್ತಾಳೆ. ಗಂಡ ಅವಳನ್ನು ನಂಬುತ್ತಾನೆ. ಆದ್ದರಿಂದ ಹೆಂಡತಿಯ ಹೆಸರಿನಲ್ಲಿ ಹೆಂಡತಿಯ ಹಣ, ಗಂಡನ ಹೆಸರಿನಲ್ಲಿ ಗಂಡನ ಹಣ ಇರುವುದು ಪಾಪವಲ್ಲ. ಒಬ್ಬರಿಗೊಬ್ಬರು ಮುಚ್ಚಿಡುವುದು, ಸುಳ್ಳು ಹೇಳುವುದು ಸಂಸಾರವನ್ನು ಒಡೆಯುತ್ತದೆ.

ನೋಡುವುದು ಬೇರೆ, ಕೈಹಾಕುವುದು ಬೇರೆ

ಹೂಡಿಕೆಯ ಕೆಲವು ಆ್ಯಪ್‌ಗಳಲ್ಲಿ ಗಂಡ-ಹೆಂಡತಿ ಲೆಕ್ಕಗಳನ್ನು ಜೋಡಿಸಿ ಒಟ್ಟಿಗೆ ನೋಡುವ ಅನುಕೂಲವಿದೆ. ಒಬ್ಬರು ಕೋರಿಕೆ ಕಳುಹಿಸಬೇಕು, ಮತ್ತೊಬ್ಬರು ತಮ್ಮ ಫೋನಿನಿಂದ ಒಪ್ಪಿಗೆ ಕೊಡಬೇಕು. ಹೀಗೆ ಜೋಡಿಸಿದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ಅವರವರ ಷೇರು ಅವರವರ ಪಾನ್ ಸಂಖ್ಯೆಯಲ್ಲೇ ಉಳಿಯುತ್ತದೆ. ಇದಕ್ಕಾಗಿ ಪಾಸ್‌ವರ್ಡ್, ಓ.ಟಿ.ಪಿ. ಹಂಚಿಕೊಳ್ಳಬೇಕಾಗಿಲ್ಲ.

ಇಬ್ಬರಿಗೂ ಹಕ್ಕು ಇರಬೇಕಾದರೆ ಜಂಟಿ ಖಾತೆಯೇ ಬೇಕು. ಬ್ಯಾಂಕಿನಲ್ಲಿ 'ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು' ಎಂಬ ಕ್ರಮವನ್ನು ಕೇಳಿ ಬರೆಸಿರಿ. ಷೇರುಗಳನ್ನಿಡುವ ಡಿಮ್ಯಾಟ್ ಖಾತೆಯಲ್ಲಿ ಮೂವರವರೆಗೆ ಜಂಟಿಯಾಗಬಹುದು. ಆದರೆ ಒಬ್ಬರ ಹೆಸರಿನಲ್ಲಿರುವ ಹಳೆಯ ಖಾತೆಗೆ ಇನ್ನೊಬ್ಬರನ್ನು ಸೇರಿಸಲಾಗದು, ಹೊಸದನ್ನೇ ತೆರೆಯಬೇಕು.

ನಾಮಿನಿ ಮತ್ತು ಉಯಿಲು

ನಾಮಿನಿಯ ಹೆಸರು ತಪ್ಪದೆ ಬರೆಸಿರಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಆದರೆ ನಾಮಿನಿಯಾದವರು ಹಣ ಪಡೆದುಕೊಳ್ಳುವವರೇ ಹೊರತು ಅಷ್ಟರಿಂದಲೇ ಒಡೆಯರಲ್ಲ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಸ್ಪಷ್ಟಪಡಿಸಿತು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಕ್ರೈಸ್ತನೊಬ್ಬನು ಉಯಿಲು ಬರೆಯದೆ ತೀರಿಕೊಂಡರೆ, ಮಕ್ಕಳಿರುವಲ್ಲಿ, ಹೆಂಡತಿಗೆ ಆಸ್ತಿಯಲ್ಲಿ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಉಳಿದ ಎರಡು ಪಾಲು. ಬೇರೆ ರೀತಿ ಹಂಚಬೇಕೆಂದಿದ್ದರೆ ಇಬ್ಬರು ಸಾಕ್ಷಿಗಳ ಮುಂದೆ ಉಯಿಲು ಬರೆಯಿರಿ. ಉಯಿಲಿನಲ್ಲಿ ಪಾಲು ಪಡೆಯುವವರಾಗಲಿ, ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಬಾರದು. ಹಾಕಿದರೆ ಆ ಪಾಲು ಕೈತಪ್ಪುತ್ತದೆ.

ಒಂದು ಎಚ್ಚರಿಕೆ

ಲೆಕ್ಕ ಒಂದುಗೂಡಿಸುವ ನೆಪದಲ್ಲಿ ಹೆಂಡತಿಯ ಸಂಘದ ಉಳಿತಾಯಕ್ಕೋ ಗೃಹಲಕ್ಷ್ಮಿಯ 2,000 ರೂಪಾಯಿಗೋ ಗಂಡ ಕೈಹಾಕಿದರೆ ಅದು ಐಕ್ಯವಲ್ಲ, ಅನ್ಯಾಯ. ಸಂಗಾತಿ ಕುಡಿತಕ್ಕೋ ಜೂಜಿಗೋ ಬಿದ್ದಿದ್ದರೆ ಮಕ್ಕಳ ಹಣವನ್ನು ಬೇರೆಯಾಗಿ ಕಾಪಾಡುವ ತಾಯಿ ವಿವಾಹದ ವಾಗ್ದಾನಕ್ಕೆ ತಪ್ಪಿದವಳಲ್ಲ. ಅಂಥ ಮನೆಯವರು ನಂಬಿಕಸ್ತ ಹಿರಿಯರೊಡನೆ ಅಥವಾ ನಿಮ್ಮ ಧರ್ಮಕೇಂದ್ರದ ಗುರುಗಳೊಡನೆ ಮಾತನಾಡಿರಿ.

ಈ ವಾರ ಮನೆಯಲ್ಲಿ

ಒಂದು ಸಂಜೆ ಜಪಸರ ಪ್ರಾರ್ಥನೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಒಂದು ನೋಟ್‌ಪುಸ್ತಕ ಹಿಡಿದು ಕೂತುಕೊಳ್ಳಿ. ಬ್ಯಾಂಕು, ವಿಮೆ, ಹೂಡಿಕೆ, ಚಿನ್ನದ ಅಡವು, ಕೈಸಾಲ ಎಲ್ಲವನ್ನೂ ಬರೆಯಿರಿ. ಸಾಲವನ್ನು ಬಿಡಬೇಡಿ, ಹೆಚ್ಚಾಗಿ ಮುಚ್ಚಿಡುವುದು ಅದನ್ನೇ. ಪಾಸ್‌ವರ್ಡ್ ಅದರಲ್ಲಿ ಬರೆಯಬೇಡಿ. ನಂತರ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ:

1. ನಾಳೆ ನಾನಿಲ್ಲದಿದ್ದರೆ ನನ್ನ ಸಂಗಾತಿಗೆ ಯಾವುದು ಎಲ್ಲಿದೆಯೆಂದು ತಿಳಿದಿದೆಯೇ?
2. ನಾನು ಹೇಳಲು ಅಂಜುವ ಲೆಕ್ಕ ಯಾವುದಾದರೂ ಇದೆಯೇ? ಏಕೆ ಅಂಜುತ್ತೇನೆ?
3. ನಮ್ಮ ಉಳಿತಾಯದಲ್ಲಿ ಬಡವರ ಪಾಲು ಎಷ್ಟು?

ಮೊದಲ ಸಂಜೆ ಮಾತು ಸ್ವಲ್ಪ ಬಿಸಿಯಾದೀತು. ಎದ್ದು ಹೋಗಬೇಡಿ. ಬಲಿಪೀಠದ ಮುಂದೆ ಕೈಹಿಡಿದವರು ನೀವು. ಆ ಕೈಗಳ ನಡುವೆ ಒಂದು ನೋಟ್‌ಪುಸ್ತಕಕ್ಕೂ ಜಾಗವಿದೆ. ಪವಿತ್ರ ಕುಟುಂಬವು ನಿಮ್ಮ ಮನೆಯನ್ನು ಕಾಯಲಿ.