ಸಿಸಿಟಿವಿ ಹಾಕಿಸುವ ಮುನ್ನ ದಿನದ ಲೆಕ್ಕ ಹಾಕಿ

ಅಂಗಡಿಯಲ್ಲಿ ಮಾಲು ಕಡಿಮೆಯಾಗಿರುವುದು ಸ್ಟಾಕ್ ಎಣಿಸುವಾಗಲೇ ಗೊತ್ತಾಗುವುದು. ಅಷ್ಟರಲ್ಲಿ ಹತ್ತು ಹದಿನೈದು ದಿನ ಕಳೆದಿರುತ್ತದೆ. ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆಯಾದ ಡಿವಿಆರ್ ಮುಂದೆ ಕೂತು ಹುಡುಕಿದರೆ ಐದು ದಿನದ ಹಿಂದಿನ ದೃಶ್ಯವೇ ಇರುವುದಿಲ್ಲ. ಕ್ಯಾಮೆರಾ ಕೆಟ್ಟಿಲ್ಲ, ಯಾರೂ ಅಳಿಸಿಲ್ಲ. ಹಾರ್ಡ್ ಡಿಸ್ಕ್ ತುಂಬಿ, ಹಳೆಯದರ ಮೇಲೆ ಹೊಸದು ಬಂದು ಕೂತಿದೆ. ಕೊಟೇಶನ್‌ನಲ್ಲಿದ್ದ ನಾಲ್ಕು ಪದ ಅರ್ಥ ಮಾಡಿಕೊಳ್ಳದೆ ಒಟ್ಟು ಮೊತ್ತ ಮಾತ್ರ ನೋಡಿ ಒಪ್ಪಿಕೊಂಡರೆ ಆಗುವುದು ಇದೇ.

ಮೊದಲು ರೆಕಾರ್ಡಿಂಗ್ ಪೆಟ್ಟಿಗೆ ಡಿವಿಆರೋ ಎನ್‌ವಿಆರೋ ಎಂದು ತಿಳಿಯಿರಿ. ಡಿವಿಆರ್‌ಗೆ ಬರುವುದು ಅನಲಾಗ್ ಕ್ಯಾಮೆರಾ, ಕೋಆಕ್ಸಿಯಲ್ ಕೇಬಲ್. ಎನ್‌ವಿಆರ್‌ಗೆ ಬರುವುದು ಐಪಿ ಕ್ಯಾಮೆರಾ, ಕಂಪ್ಯೂಟರ್ ನೆಟ್‌ವರ್ಕಿನ ಕ್ಯಾಟ್-6 ಕೇಬಲ್. ಪಿಒಇ ಸ್ವಿಚ್ ಇದ್ದರೆ ಆ ಒಂದೇ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. ಆದರೆ ಸ್ವಿಚ್‌ನಿಂದ ಕ್ಯಾಮೆರಾಕ್ಕೆ 100 ಮೀಟರ್ ದಾಟಬಾರದು. ಗೋಡೆಯೊಳಗೆ ಕೋಆಕ್ಸಿಯಲ್ ಕೇಬಲ್ ಚೆನ್ನಾಗಿದ್ದರೆ ಅದನ್ನು ಕಿತ್ತು ಎನ್‌ವಿಆರ್ ಹಾಕಿಸಬೇಕಾಗಿಲ್ಲ. ಹೊಸ ಕಟ್ಟಡವಾದರೆ ಮಾತ್ರ ಕ್ಯಾಟ್-6 ಎಳೆಸಿ.

ಈಗ ಮುಖ್ಯ ವಿಷಯ, ಬಿಟ್‌ರೇಟ್. ಎಷ್ಟು ಮೆಗಾಪಿಕ್ಸೆಲ್ ಎಂದು ಎಲ್ಲರೂ ಕೇಳುತ್ತಾರೆ. ಬಿಟ್‌ರೇಟ್ ಎಷ್ಟು ಎಂದು ಕೇಳುವವರು ಕಡಿಮೆ. ಒಂದು ಕ್ಯಾಮೆರಾ ಸೆಕೆಂಡಿಗೆ ಎಷ್ಟು ಮಾಹಿತಿಯನ್ನು ಡಿಸ್ಕ್‌ಗೆ ತುಂಬುತ್ತದೆ ಎಂಬುದರ ಅಳತೆ ಇದು. ಮೆನುವಿನಲ್ಲಿ ಕೆಬಿಪಿಎಸ್ ಅಥವಾ ಎಂಬಿಪಿಎಸ್ ಎಂದು ತೋರಿಸುತ್ತದೆ. ಇಲ್ಲಿರುವುದು ಬಿಟ್, ಡಿಸ್ಕ್‌ನ ಅಳತೆ ಬೈಟ್. ಎಂಟು ಬಿಟ್‌ಗೆ ಒಂದು ಬೈಟ್. ಈ ಭಾಗಾಕಾರ ಮಾಡಿದರೆ, 1 ಎಂಬಿಪಿಎಸ್‌ನಲ್ಲಿ ದಿನವಿಡೀ ರೆಕಾರ್ಡ್ ಆದರೆ 10.8 ಜಿಬಿ ಹಿಡಿಯುತ್ತದೆ. ಇದೊಂದು ಅಂಕಿ ಬರೆದಿಟ್ಟುಕೊಳ್ಳಿ. ಕ್ಯಾಮೆರಾ ಸಂಖ್ಯೆ, ಎಂಬಿಪಿಎಸ್, ದಿನ, 10.8 – ಎಲ್ಲವನ್ನೂ ಗುಣಿಸಿ.

ನಾಲ್ಕು ಕ್ಯಾಮೆರಾ, ಒಂದೊಂದಕ್ಕೆ 4 ಎಂಬಿಪಿಎಸ್ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 173 ಜಿಬಿ. 1 ಟಿಬಿ ಡಿಸ್ಕ್‌ನಲ್ಲಿ ಆರು ದಿನವೂ ನಿಲ್ಲದು. 30 ದಿನ ಬೇಕೆಂದರೆ 5.2 ಟಿಬಿ ಆಗುತ್ತದೆ. ಜನ ಹೆಚ್ಚಾಗಿ ಸೇರುವ ಸಂಸ್ಥೆಗಳು 30 ದಿನದ ದೃಶ್ಯ ಇಟ್ಟುಕೊಳ್ಳಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಕಲ್ಯಾಣ ಮಂಟಪ, ದೊಡ್ಡ ಮಳಿಗೆ ನಡೆಸುವವರು ಈ ಲೆಕ್ಕವನ್ನು ಬಿಲ್ ಪಾವತಿಸುವ ಮೊದಲೇ ಹಾಕಬೇಕು.

ಜಾಗ ಉಳಿಸುವ ದಾರಿ ಎಚ್.265 ಎಂಬ ವಿಡಿಯೊ ಕುಗ್ಗಿಸುವ ವಿಧಾನ. ಎಚ್.264ಕ್ಕೆ ಹೋಲಿಸಿದರೆ ಸುಮಾರು ಅರ್ಧ ಬಿಟ್‌ರೇಟ್‌ನಲ್ಲೇ ಅದೇ ಗುಣಮಟ್ಟ ಸಿಗುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಎಚ್.265 ಎಂದು ಅಚ್ಚಾಗಿದ್ದ ಮಾತ್ರಕ್ಕೆ ನಂಬಬೇಡಿ; ಸೆಟ್ಟಿಂಗ್ ಎಚ್.264ರಲ್ಲೇ ಉಳಿದಿರಬಹುದು. ಮೆನು ತೆರೆಸಿ, ಒಂದೊಂದು ಚಾನೆಲ್ಲನ್ನೂ ನೋಡಿ. ಇನ್ನೊಂದು ತಪ್ಪು: ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ದಾಖಲಾಗುವ ಚಿತ್ರಗಳನ್ನು, 25ರಿಂದ 15ಕ್ಕೆ ಇಳಿಸಿ ಜಾಗ ಉಳಿಯಿತೆಂದು ತಿಳಿಯುವುದು. ಬಿಟ್‌ರೇಟ್ ಸಿಬಿಆರ್‌ನಲ್ಲಿ, ಅಂದರೆ ಸ್ಥಿರವಾಗಿ ಇಟ್ಟಿದ್ದರೆ ಒಂದು ಜಿಬಿಯೂ ಉಳಿಯದು. ಬಿಟ್‌ರೇಟನ್ನೇ ಇಳಿಸಬೇಕು. ಇಳಿಸಿದ ಮೇಲೆ ರಾತ್ರಿ ಹೊತ್ತಿನ ರೆಕಾರ್ಡಿಂಗ್ ತೆರೆದು ಮುಖ ಗುರುತು ಸಿಗುತ್ತದೆಯೇ ಎಂದು ನೋಡಿ. ಲೈವ್ ಚಿತ್ರ ನೋಡಿ ಸಮಾಧಾನಪಟ್ಟರೆ ಸಾಲದು.

ಚಲನೆ ಇದ್ದಾಗಷ್ಟೇ ರೆಕಾರ್ಡ್ ಆಗುವ ವ್ಯವಸ್ಥೆಯೂ ಇದೆ. ಹಿತ್ತಿಲು, ಗೋದಾಮಿಗೆ ಅದು ಸಾಕು. ಗಲ್ಲಾಪೆಟ್ಟಿಗೆಯ ಮೇಲಿನ ಕ್ಯಾಮೆರಾಕ್ಕೆ ಮಾತ್ರ ಬೇಡವೆಂದೇ ನನ್ನ ಸಲಹೆ; ಕೈಯ ಸಣ್ಣ ಚಲನೆಯೇ ತಪ್ಪಿಹೋಗಬಹುದು. ಡಿಸ್ಕ್ ಕೂಡ ದಿನವಿಡೀ ಬರೆಯುವ ಕೆಲಸಕ್ಕೆಂದೇ ಮಾಡಿದ ಸರ್ವೇಲನ್ಸ್ ಮಾದರಿಯದ್ದಾಗಿರಲಿ. ಹಾಕಿಸಿ ತಿಂಗಳಾದ ಮೇಲೆ ಪ್ಲೇಬ್ಯಾಕ್ ಕ್ಯಾಲೆಂಡರ್ ತೆರೆಯಿರಿ. ರೆಕಾರ್ಡಿಂಗ್ ಇರುವ ತಾರೀಖುಗಳಿಗೆ ಗುರುತು ಇರುತ್ತದೆ. ಅವನ್ನು ಎಣಿಸಿದರೆ ನಿಮ್ಮ ಲೆಕ್ಕ ಸರಿಯೋ ತಪ್ಪೋ ತಿಳಿಯುತ್ತದೆ. ಅಲ್ಲೇ ಗಡಿಯಾರವನ್ನೂ ನೋಡಿ. ಕರೆಂಟ್ ಹೋಗಿ ಬಂದಾಗ ತಾರೀಖು ತಪ್ಪುತ್ತಿದ್ದರೆ ಒಳಗಿನ ಚಿಕ್ಕ ಬ್ಯಾಟರಿ ಮುಗಿದಿರಬಹುದು. ನೆಟ್ ಇದ್ದರೆ ಗಡಿಯಾರವನ್ನು ತಾನೇ ಸರಿಪಡಿಸುವ ಎನ್‌ಟಿಪಿ ಆನ್ ಮಾಡಿ, ಟೈಮ್ ಝೋನ್ +5:30 ಇಡಿ.

ಇನ್ನು ಮೊಬೈಲ್‌ನಲ್ಲಿ ನೋಡುವುದು. 192.168ರಿಂದ ಶುರುವಾಗುವುದು ಮನೆಯೊಳಗಿನ ಐಪಿ ವಿಳಾಸ. ಹೊರಗಿನಿಂದ ನೇರವಾಗಿ ಅದನ್ನು ತಲುಪಲಾಗದು. ಅದಕ್ಕಾಗಿ ಪೋರ್ಟ್ ಫಾರ್ವರ್ಡಿಂಗ್ ಮಾಡಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಬೇಡವೆನ್ನಿ. ನಿಮ್ಮ ರೆಕಾರ್ಡರ್‌ನ ಲಾಗಿನ್ ಇಡೀ ಇಂಟರ್ನೆಟ್ಟಿಗೆ ತೆರೆದುಕೊಳ್ಳುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಸಾಧನಗಳಿಗೆ ನುಗ್ಗಿತು. ಕ್ಯಾಮೆರಾ, ಡಿವಿಆರ್‌ಗಳೂ ಅದರಲ್ಲಿದ್ದವು. ನುಗ್ಗಿದ್ದು ಕಂಪನಿ ಇಟ್ಟಿದ್ದ ಪಾಸ್‌ವರ್ಡ್ ಬದಲಾಯಿಸದವರ ಸಾಧನಗಳಿಗೆ. ಅಳವಡಿಸಿದವರು ಹೊರಡುವ ಮುಂಚೆ ಅಡ್ಮಿನ್ ಪಾಸ್‌ವರ್ಡನ್ನು ನೀವೇ ಬದಲಿಸಿ, ಮೊಬೈಲ್‌ನಲ್ಲಿ ನೋಡುವ ಆ್ಯಪ್‌ನ ಖಾತೆಯನ್ನು ನಿಮ್ಮದೇ ನಂಬರಿನಲ್ಲಿ ತೆರೆಯಿರಿ, ಅವರ ಫೋನಿನಲ್ಲಿ ನಿಮ್ಮ ಕ್ಯಾಮೆರಾ ಸೇರಿಸಿದ್ದರೆ ತೆಗೆಸಿ.