ಮಾಸು ಕೆಳಗಿದ್ದಾಗ ವಿಮಾನ ಪ್ರಯಾಣ

ತವರು ಹರಿಹರದ ಬಳಿಯ ಸಾರಥಿ. ಗಂಡನ ನೌಕರಿ ದುಬೈಯಲ್ಲಿ. ಏಳನೇ ತಿಂಗಳಲ್ಲಿ ಸೀಮಂತಕ್ಕೆಂದು ಮಗಳು ಊರಿಗೆ ಬಂದು ಹೆರಿಗೆಯವರೆಗೆ ಇರಬೇಕು. ಅಷ್ಟರಲ್ಲಿ ಸ್ಕ್ಯಾನಿಂಗ್ ವರದಿಯಲ್ಲಿ ‘ಮಾಸು ಕೆಳಗಿದೆ’ ಎಂದು ಬರುತ್ತದೆ. ಇಂಥವರು ವಿಮಾನ ಹತ್ತಬಹುದೇ?

ಮೊದಲಿಗೆ, ಗಾಬರಿ ಬೇಡ. ಐದನೇ ತಿಂಗಳಲ್ಲಿ ಕೆಳಗೆ ಕಂಡ ಮಾಸು ಗರ್ಭಕೋಶ ಬೆಳೆದಂತೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯಲ್ಲಿ ಮೇಲಕ್ಕೆ ಸರಿಯುತ್ತದೆ. ಸಾಮಾನ್ಯವಾಗಿ 32ನೇ ವಾರದಲ್ಲಿ ಮತ್ತೆ ಸ್ಕ್ಯಾನಿಂಗ್ ಮಾಡುತ್ತಾರೆ. ಆಗಲೂ ಮಾಸಿನ ಅಂಚು ಗರ್ಭಕೋಶದ ಬಾಯಿಗೆ 20 ಮಿಲಿಮೀಟರಿಗಿಂತ ಹತ್ತಿರವಿದ್ದರೆ, ಅಥವಾ ಬಾಯಿಯನ್ನೇ ಮುಚ್ಚಿದ್ದರೆ, ನೋವಿಲ್ಲದೆ ಏಕಾಏಕಿ ರಕ್ತಸ್ರಾವವಾಗಬಹುದು.

ವಿಮಾನದ ಎತ್ತರದಿಂದ ಸ್ರಾವವಾಗುತ್ತದೆ ಎನ್ನಲು ಆಧಾರವಿಲ್ಲ. ಅಪಾಯವಿರುವುದು ಬೇರೆಡೆ. ಸುಮಾರು ನಾಲ್ಕು ಗಂಟೆಯ ಹಾರಾಟದಲ್ಲಿ ಸ್ರಾವವಾದರೆ ಅಲ್ಲಿ ರಕ್ತವೂ ಇಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ. ಬೆಂಗಳೂರಿನಲ್ಲಿ ಇಳಿದ ಮೇಲೂ ಸಾರಥಿಗೆ 250 ಕಿಲೋಮೀಟರಿಗೂ ಹೆಚ್ಚು ರಸ್ತೆಯಿದೆ.

ಆದ್ದರಿಂದ ಒಮ್ಮೆಯಾದರೂ ಸ್ರಾವವಾಗಿದ್ದರೆ, ಅಥವಾ ಮಾಸು ಬಾಯಿಯನ್ನು ಮುಚ್ಚಿದ್ದರೆ, ಪ್ರಯಾಣ ಬೇಡ. ಉಳಿದವರು ಟಿಕೆಟ್ ಕೊಳ್ಳುವ ಮುನ್ನ ಪ್ರಸೂತಿ ತಜ್ಞರನ್ನು ಕೇಳಿ. ಹೊರಡುವುದಾದರೆ ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ, ವೈದ್ಯರ ಪತ್ರ ಕೈಚೀಲದಲ್ಲಿರಲಿ. ನೀರು ಕುಡಿಯಿರಿ, ಆಗಾಗ ಎದ್ದು ಓಡಾಡಿ.

ಊರಿಗೆ ಬಂದ ಮೇಲೆ ಸ್ವಲ್ಪವೇ ರಕ್ತ ಕಂಡರೂ ಮನೆಯಲ್ಲಿ ಕಾಯಬೇಡಿ. ಯಾರಿಂದಲೂ ಒಳಪರೀಕ್ಷೆ ಮಾಡಿಸದೆ, ರಕ್ತನಿಧಿ ಮತ್ತು ಶಸ್ತ್ರಚಿಕಿತ್ಸೆಯ ಅನುಕೂಲವಿರುವ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗಿ. ನೆಗೆಟಿವ್ ಗುಂಪಿನವರಾದರೆ ಅದನ್ನು ಕೂಡಲೇ ತಿಳಿಸಿ.

ವೈದ್ಯರು ಪ್ರಯಾಣ ಬೇಡವೆಂದರೆ ಬೇಸರ ಬೇಡ. ಈ ಬಾರಿ ತಾಯಿಯೇ ಮಗಳ ಬಳಿಗೆ ಹೋಗಲಿ.